ತೀರ್ಥನ್: ಅಣೆಕಟ್ಟಿಲ್ಲದ ಒಂದು ಪುಟ್ಟ ನದಿಯ ಗುಂಟ

ಮೊದಲ ದಿನ: ಔಟ್, ಲಾರ್ಜಿ, ಬಂಜಾರ್

ದಿಲ್ಲಿಯಿಂದ ಮನಾಲಿಗೆ ಹೊರಟ ಬಸ್ಸುಗಳೆಲ್ಲ ಮಂಡಿ ದಾಟಿದ ಮೇಲೆ ಔಟ್ ಸುರಂಗವನ್ನು ಹೊಕ್ಕು ಹೋಗುತ್ತವೆ. ಸುಮಾರು ಮೂರು ಕಿ.ಮೀ. ಉದ್ದದ ಸುರಂಗ. ಲಾರ್ಜಿ ಅಣೆಕಟ್ಟಿನ ಹಿನ್ನೀರು ಹಳೆಯ ರಸ್ತೆಯನ್ನು ಮುಳುಗಿಸಿದ್ದರಿಂದ ಇದನ್ನು ತೋಡಿದರು. ತೀರ್ಥನ್ ಕಣಿವೆಗೆ ಹೋಗುವವರು ಸುರಂಗದ ಬಾಯಿಗೆ ಬರುವ ಮೊದಲೇ ಇಳಿದುಬಿಡಬೇಕು. ಅಲ್ಲಿ ಬಲಕ್ಕೆ ಒಂದು ರಸ್ತೆ ಹೊರಳುತ್ತದೆ. ಬಂಜಾರ್, ಜಲೋರಿ ಕಣಿವೆದಾರಿ, ಆಚೆಗೆ ಸಟ್ಲಜ್ ದಂಡೆಯವರೆಗೆ ಹೋಗುವ ರಸ್ತೆ ಅದು.

ಬೆಳಗಿನ ಜಾವ ಅಲ್ಲಿ ಇಳಿದಾಗ ಅಕ್ಟೋಬರ್ ಕೊನೆಯ ಚಳಿ. ಜೊತೆಗೆ ಅಣ್ಣ ಇದ್ದ. ನಮ್ಮದು ಕುಮಟಾ ಕಡೆ. ಅಘನಾಶಿನಿ ಹೊಳೆಯ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಮೀನು ಆರಿಸುತ್ತ, ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಬದುವಿನ ಮೇಲೆ ಓಡಾಡುತ್ತ ಬೆಳೆದವರು ನಾವು. ಅಘನಾಶಿನಿಗೆ ಹುಟ್ಟಿನಿಂದ ಕಡಲಿನವರೆಗೆ ಒಂದೂ ದೊಡ್ಡ ಅಣೆಕಟ್ಟಿಲ್ಲ. ಪಕ್ಕದ ಶರಾವತಿಗೆ 1964ರಲ್ಲೇ ಲಿಂಗನಮಕ್ಕಿ ಬಂತು, ಆಮೇಲೆ ಗೇರುಸೊಪ್ಪೆ ಬಂತು. ಅಕ್ಕಪಕ್ಕದ ಈ ಎರಡು ಹೊಳೆಗಳನ್ನು ನೋಡುತ್ತಲೇ ನಮ್ಮ ಬಾಲ್ಯ ಕಳೆದಿದೆ. ಹಿಮಾಚಲದ ಕುಲ್ಲು ಜಿಲ್ಲೆಯಲ್ಲೂ ಹಾಗೇ ಅಕ್ಕಪಕ್ಕ ಸೈಂಜ್, ತೀರ್ಥನ್ ಎಂಬ ಎರಡು ಹೊಳೆಗಳಿವೆ, ಒಂದಕ್ಕೆ ವಿದ್ಯುತ್ ಯೋಜನೆಗಳು ತುಂಬಿಕೊಂಡಿವೆ, ಇನ್ನೊಂದನ್ನು ಜನ ಹಾಗೇ ಉಳಿಸಿಕೊಂಡಿದ್ದಾರೆ ಅಂತ ಓದಿದ್ದೆ. ಅದನ್ನು ಕಣ್ಣಾರೆ ನೋಡಬೇಕು ಅನ್ನೋದೇ ಈ ಪ್ರಯಾಣಕ್ಕೆ ಕಾರಣ.

ಲಾರ್ಜಿ ಹತ್ತಿರ ಮೂರು ನದಿಗಳು ಸೇರುತ್ತವೆ. ಉತ್ತರದಿಂದ ಬರುವ ಬಿಯಾಸ್, ಪೂರ್ವದಿಂದ ಬರುವ ಸೈಂಜ್ ಮತ್ತು ತೀರ್ಥನ್. ಎತ್ತರ ಇಲ್ಲಿ 1,000 ಮೀಟರ್ ಆಸುಪಾಸು ಅಷ್ಟೇ. ಕಣಿವೆ ಎಷ್ಟು ಇಕ್ಕಟ್ಟು ಅಂದರೆ ಆಕಾಶ ಕಾಣಲು ಕುತ್ತಿಗೆ ಎತ್ತಬೇಕು. ಭೂವಿಜ್ಞಾನಿಗಳು ಈ ಪ್ರದೇಶವನ್ನು ಲಾರ್ಜಿ-ಕುಲ್ಲು-ರಾಂಪುರ ಕಿಟಕಿ ಎಂದು ಕರೆಯುತ್ತಾರೆ. ಹಿಮಾಲಯ ಏಳುವಾಗ ಹಳೆಯ ಬಂಡೆಗಳ ದೊಡ್ಡ ಹಾಳೆಯೊಂದು ಹೊಸ ಬಂಡೆಗಳ ಮೇಲೆ ಜಾರಿ ಬಂದು ಕೂತಿತು. ಆಮೇಲೆ ನದಿಗಳು ಕೊರೆದು ಕೊರೆದು ಆ ಹಾಳೆಯಲ್ಲಿ ತೂತು ಮಾಡಿದವು. ತೂತಿನೊಳಗಿಂದ ಕೆಳಗಿನ ಬಂಡೆ ಕಾಣುತ್ತದೆ. ಸಾಮಾನ್ಯವಾಗಿ ಹಳೆಯದು ಕೆಳಗೆ, ಹೊಸದು ಮೇಲೆ ಅಲ್ವಾ? ಇಲ್ಲಿ ಬೆಟ್ಟದ ಮೇಲ್ಭಾಗ ಹಳೆಯದು, ನದಿಯ ಪಾತ್ರ ಹೊಸದು. ಲಾರ್ಜಿಯ ಕಡಿದಾದ ಸುಣ್ಣಕಲ್ಲಿನ ಗೋಡೆಗಳನ್ನು ನೋಡುವಾಗ ಈ ವಿಷಯ ಗೊತ್ತಿದ್ದರೆ ಬಂಡೆ ಬರೀ ಬಂಡೆಯಾಗಿ ಕಾಣುವುದಿಲ್ಲ.

ಬಿಯಾಸ್ ಮೇಲಿನ ಲಾರ್ಜಿ ಯೋಜನೆ 126 ಮೆಗಾವಾಟಿನದು. ಹಿನ್ನೀರು ನಿಂತ ನೀರಿನ ಹಸಿರು ಬಣ್ಣದಲ್ಲಿ ಅಲುಗಾಡದೆ ಮಲಗಿತ್ತು. 2014ರ ಜೂನ್ 8ರಂದು ಇದೇ ಅಣೆಕಟ್ಟಿನ ಕೆಳಗೆ, ಥಲೋಟ್ ಎಂಬಲ್ಲಿ, ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದರು. ಫೋಟೊ ತೆಗೆಯಲು ನದಿಯ ಕಲ್ಲುಗಳ ಮೇಲೆ ಇಳಿದಿದ್ದರು. ಮೇಲಿಂದ ಬಿಟ್ಟ ನೀರು ಏಕಾಏಕಿ ಏರಿ ಬಂತು. ಅಣೆಕಟ್ಟಿನ ಕೆಳಗಿನ ನದಿ ಮಳೆಯ ಮಾತು ಕೇಳುವುದಿಲ್ಲ, ಗೇಟಿನ ಮಾತು ಕೇಳುತ್ತದೆ. ಬಿಸಿಲಿರಲಿ, ಮೋಡವೇ ಇಲ್ಲದಿರಲಿ, ನೀರು ಬರಬಹುದು. ಅಲ್ಲಿಗೆ ಹೋಗುವ ನಮ್ಮ ಕಡೆಯ ಮಕ್ಕಳಿಗೆ ಇದನ್ನು ಹೇಳಿ ಕಳಿಸಬೇಕು.

ಲಾರ್ಜಿ ದಾಟಿ ಬಂಜಾರ್ ಕಡೆ ತಿರುಗಿದ ಮೇಲೆ ತೀರ್ಥನ್ ರಸ್ತೆಯ ಪಕ್ಕಕ್ಕೆ ಬಂತು. ಬಸ್ಸಿನ ಕಿಟಕಿ ಹೊರಗೆ ತಲೆ ಹಾಕಿ ಅಣ್ಣ ಸುಮಾರು ಹೊತ್ತು ನೀರನ್ನೇ ನೋಡಿದ. "ಸಣ್ಣ ಹೊಳೆ ಮಾರಾಯ್ತಿ, ನಾನು ಇನ್ನೂ ದೊಡ್ಡದು ಅಂದ್ಕೊಂಡಿದ್ದೆ" ಎಂದ. ನಿಜ, ಸಣ್ಣದೇ. ಹುಟ್ಟುವುದೂ ಕೊನೆಯಾಗುವುದೂ ಕುಲ್ಲು ಎಂಬ ಒಂದೇ ಜಿಲ್ಲೆಯ ಒಳಗೆ. ಎಷ್ಟೋ ಕಡೆ ಈ ದಂಡೆಯಿಂದ ಆ ದಂಡೆಗೆ ಕಲ್ಲೆಸೆಯಬಹುದು.

ಬಂಜಾರ್ ತಾಲೂಕು ಕೇಂದ್ರ. ಒಂದೇ ಬೀದಿಯ ಪೇಟೆ, ಸುಮಾರು 1,350 ಮೀ. ಎತ್ತರ. ಊಟ ಮುಗಿಸಿ ಮತ್ತೊಂದು ಬಸ್ಸು ಹಿಡಿದು ಗುಶೈನಿಗೆ ಹೋದೆವು. ನದಿ ದಂಡೆಯ ಒಂದು ಹೋಂಸ್ಟೇಯಲ್ಲಿ ರೂಮು ಸಿಕ್ಕಿತು.

ಎರಡನೇ ದಿನ: ಗುಶೈನಿ

ಗುಶೈನಿಯಲ್ಲಿ ಎರಡು ನೀರು ಕೂಡುತ್ತವೆ. ರಾಷ್ಟ್ರೀಯ ಉದ್ಯಾನದ ಒಳಗಿಂದ ತೀರ್ಥನ್ ಬರುತ್ತದೆ. ಬಠಾಡ್ ಕಡೆಯಿಂದ, ಬಶ್ಲೇವು ಕಣಿವೆದಾರಿಯ ಬುಡದಿಂದ, ಫಲಾಚನ್ ಬರುತ್ತದೆ. ಊರು ಈ ಎರಡರ ಸಂದಿಯಲ್ಲಿದೆ. ಪೇಟೆ ಅಂದರೆ ಹತ್ತಾರು ಅಂಗಡಿ, ಬಸ್ಸು ನಿಲ್ಲುವ ಜಾಗ, ಒಂದು ಸೇತುವೆ.

ಆ ಸೇತುವೆ ಮೇಲೆ ನಾವು ಬಹಳ ಹೊತ್ತು ನಿಂತೆವು. ನೀರಿನ ತಳ ಕಾಣುತ್ತಿತ್ತು. ಬೂದು, ಬಿಳಿ, ಕಂದು ಬಣ್ಣದ ಗುಂಡುಕಲ್ಲುಗಳು. ದೊಡ್ಡ ಬಂಡೆಗಳ ಹಿಂದೆ ನಿಧಾನ ನೀರು, ಮುಂದೆ ನೊರೆ. ಇಂಥ ಜಾಗವೇ ಟ್ರೌಟ್ ಮೀನಿಗೆ ಬೇಕು. ತಣ್ಣನೆಯ, ಆಮ್ಲಜನಕ ತುಂಬಿದ, ಓಡುವ ನೀರು ಮತ್ತು ಮೊಟ್ಟೆ ಇಡಲು ಸ್ವಚ್ಛವಾದ ಜಲ್ಲಿಕಲ್ಲು. ನೀರಿನಲ್ಲಿ ಹೂಳು ಜಾಸ್ತಿಯಾದರೆ ಜಲ್ಲಿಯ ಸಂದು ಮುಚ್ಚಿ ಮೊಟ್ಟೆಗೆ ಉಸಿರು ಸಿಗುವುದಿಲ್ಲ.

ಟ್ರೌಟ್ ಇಲ್ಲಿಯ ಮೂಲ ಮೀನಲ್ಲ. ಕುಲ್ಲುವಿನಲ್ಲಿ ಅಧಿಕಾರಿಯಾಗಿದ್ದ ಜಿ.ಸಿ.ಎಲ್. ಹೋವೆಲ್ 1909ರಲ್ಲಿ ಬ್ರೌನ್ ಟ್ರೌಟ್ ತರಿಸಿ ಬಿಯಾಸ್ ಕಣಿವೆಯಲ್ಲಿ ಸಾಕಿದರು. ಅಲ್ಲಿಂದ ಅದು ಈ ಉಪನದಿಗಳಿಗೂ ಹಬ್ಬಿತು. ಹೊರಗಿನ ಮೀನನ್ನು ತಂದು ಬಿಟ್ಟದ್ದು ಸರಿಯೋ ತಪ್ಪೋ ಎಂಬ ಪ್ರಶ್ನೆ ಇದ್ದೇ ಇದೆ. ಆದರೆ ಇತಿಹಾಸ ಬೇರೊಂದು ತಿರುವು ತೆಗೆದುಕೊಂಡಿತು. ನದಿಯನ್ನು ಉಳಿಸುವ ಹೊತ್ತು ಬಂದಾಗ ಇದೇ ಟ್ರೌಟ್ ಕಣಿವೆಯ ಪರವಾಗಿ ನಿಂತಿತು.

ಸಣ್ಣ ಜಲವಿದ್ಯುತ್ ಯೋಜನೆಗಳನ್ನು ತೀರ್ಥನ್ ಮತ್ತು ಅದರ ಉಪನದಿಗಳ ಮೇಲೂ ಕಟ್ಟುವ ಪ್ರಸ್ತಾಪ ಬಂದಿತ್ತು. ಬಂಜಾರ್‌ನ ಮಾಜಿ ಶಾಸಕ ದಿಲಾರಾಮ್ ಶಬಾಬ್ ಟ್ರೌಟ್ ಮೀನನ್ನು ಮುಂದಿಟ್ಟುಕೊಂಡು ಅದರ ವಿರುದ್ಧ ನಿಂತರು. ಹಳ್ಳಿ ಹಳ್ಳಿಯ ಜನ ಸೇರಿದರು. ವಿಷಯ ಹೈಕೋರ್ಟಿನವರೆಗೆ ಹೋಯಿತು. ಕೊನೆಗೆ ಯೋಜನೆಗಳು ನಿಂತವು. ತೀರ್ಥನ್ ಹೀಗಿರುವುದು ಅದೃಷ್ಟದಿಂದಲ್ಲ. ಬೇಡ ಎಂದು ಜನ ಹೇಳಿದ್ದರಿಂದ.

ಸಣ್ಣ ಯೋಜನೆ ಅಂದರೆ ಏನು ತೊಂದರೆ, ದೊಡ್ಡ ಅಣೆಕಟ್ಟು ಇಲ್ಲವಲ್ಲ ಅಂತ ಯಾರಾದರೂ ಕೇಳಬಹುದು. ಇಂಥ ಯೋಜನೆಯಲ್ಲಿ ನದಿಗೆ ಅಡ್ಡ ಒಂದು ಚಿಕ್ಕ ಕಟ್ಟೆ ಹಾಕಿ, ನೀರನ್ನು ಸುರಂಗಕ್ಕೋ ಕೊಳವೆಗೋ ತಿರುಗಿಸುತ್ತಾರೆ. ಆ ನೀರು ಬೆಟ್ಟದ ಬದಿಯಲ್ಲಿ ಹರಿದು, ಎಷ್ಟೋ ಕಿಲೋಮೀಟರ್ ಕೆಳಗೆ ಟರ್ಬೈನ್ ಮೇಲೆ ಬಿದ್ದು, ಮತ್ತೆ ನದಿಗೆ ಸೇರುತ್ತದೆ. ನಡುವಿನ ಪಾತ್ರ ಒಣಗುತ್ತದೆ. ನೀರು ಕಡಿಮೆ ಇರುವ ಕಾಲದ ಹರಿವಿನಲ್ಲಿ ಶೇ. 15ರಷ್ಟನ್ನು ಪಾತ್ರದಲ್ಲೇ ಬಿಡಬೇಕು ಎಂಬುದು ಹಿಮಾಚಲದ ನಿಯಮ. ಶೇ. 15 ನೀರಿನಲ್ಲಿ ಒಂದು ಹೊಳೆ ಹೊಳೆಯಾಗಿ ಉಳಿಯುತ್ತದಾ? ಒಂದರ ಕೆಳಗೆ ಒಂದು ಇಂಥ ಯೋಜನೆಗಳು ಸಾಲಾಗಿ ಬಂದರೆ ನದಿ ಮುಕ್ಕಾಲು ಪಾಲು ಕೊಳವೆಯೊಳಗೇ ಇರುತ್ತದೆ.

ಮಧ್ಯಾಹ್ನ ನದಿ ಗುಂಟ ನಡೆದೆವು. ಆಚೆ ದಂಡೆಯ ಮನೆಗಳಿಗೆ ಕೆಲವು ಕಡೆ ಸೇತುವೆ ಇಲ್ಲ. ಎರಡು ದಂಡೆಗೂ ತಂತಿ ಕಟ್ಟಿ, ಅದಕ್ಕೆ ಕಬ್ಬಿಣದ ತೊಟ್ಟಿಲು ತೂಗಿಬಿಟ್ಟಿದ್ದಾರೆ. ಅದರಲ್ಲಿ ಕೂತು ಹಗ್ಗ ಎಳೆದುಕೊಂಡು ದಾಟುವುದು. ಜೂಲಾ ಎನ್ನುತ್ತಾರೆ. ಒಬ್ಬ ಅಜ್ಜಿ ಹುಲ್ಲಿನ ಹೊರೆ ಸಮೇತ ದಾಟಿ ಬಂದರು. ಅಕ್ಟೋಬರ್ ಅಂದರೆ ಇಲ್ಲಿ ಹುಲ್ಲು ಕೊಯ್ಯುವ ತಿಂಗಳು. ಚಳಿಗಾಲಕ್ಕೆ ದನಗಳಿಗೆ ಮೇವು ಬೇಕಲ್ಲ. ನಿಲ್ಲಲೂ ಆಗದಷ್ಟು ಕಡಿದಾದ ಇಳಿಜಾರಿನಲ್ಲಿ ಹೆಂಗಸರು ಕುಡುಗೋಲು ಹಿಡಿದು ಹುಲ್ಲು ಕೊಯ್ಯುತ್ತಿದ್ದರು. ಕಲ್ಲುಚಪ್ಪಡಿಯ ಮಾಡಿನ ಮೇಲೆ ಮೆಕ್ಕೆಜೋಳದ ತೆನೆ ಹರವಿದ್ದರು. ಸೇಬಿನ ಕೊಯ್ಲು ಮುಗಿದಿತ್ತು. ಎಲೆ ಉದುರಿದ ಮರಗಳಲ್ಲಿ ಕಿತ್ತಳೆ ಬಣ್ಣದ ಜಾಪಾನಿ ಫಲ, ಅಂದರೆ ಪರ್ಸಿಮನ್ ಹಣ್ಣು, ಮಾತ್ರ ತೂಗುತ್ತಿತ್ತು.

ಒಂದು ಕಡೆ ಘರಾಟ್ ಸಿಕ್ಕಿತು. ನೀರಿನಿಂದ ತಿರುಗುವ ಹಿಟ್ಟಿನ ಗಿರಣಿ. ಝರಿಯ ನೀರನ್ನು ಮರದ ದೋಣಿಯಲ್ಲಿ ಇಳಿಜಾರಾಗಿ ಬಿಡುತ್ತಾರೆ, ಕೆಳಗೆ ಅಡ್ಡ ಮಲಗಿದ ಚಕ್ರ ತಿರುಗುತ್ತದೆ, ಮೇಲೆ ಬೀಸುಕಲ್ಲು ತಿರುಗುತ್ತದೆ. ಬೀಸಿದ ಮೇಲೆ ನೀರು ಅಲ್ಲೇ ಕೆಳಗೆ ಹೊಳೆಗೆ ಸೇರುತ್ತದೆ. ನೀರಿನ ಬಲ ಬಳಸುವುದು ಈ ಜನಕ್ಕೆ ಹೊಸದೇನಲ್ಲ. ಎಷ್ಟು ಬಳಸಬೇಕು ಎಂಬುದೇ ಮಾತು. ಅದೇ ಹಿಟ್ಟಿನ ಸಿಡ್ಡು ರಾತ್ರಿ ಊಟಕ್ಕೆ ಬಂತು. ಹುದುಗು ಬರಿಸಿದ ಗೋಧಿ ಹಿಟ್ಟಿನೊಳಗೆ ಹೂರಣ ತುಂಬಿ ಹಬೆಯಲ್ಲಿ ಬೇಯಿಸಿದ್ದು. ಮೇಲೆ ತುಪ್ಪ ಸುರಿದು ತಿನ್ನಬೇಕು. ಅಣ್ಣ ಮತ್ತೆ ಮತ್ತೆ ಹಾಕಿಸಿಕೊಂಡ.

ಮೂರನೇ ದಿನ: ರೋಲಾ

ಉದ್ಯಾನದೊಳಗೆ ಹೋಗಲು ಪರವಾನಗಿ ಬೇಕು. ಬಂಜಾರ್-ಗುಶೈನಿ ನಡುವಿನ ಸಾಯಿ ರೋಪಾದಲ್ಲಿ ಅರಣ್ಯ ಇಲಾಖೆಯ ಕಚೇರಿ ಇದೆ. ಹಿಂದಿನ ದಿನವೇ ಅಲ್ಲಿಗೆ ಹೋಗಿ ಕಾಗದ ಮಾಡಿಸಿದ್ದೆವು. ಊರಿನವರೇ ಒಬ್ಬರು ಗೈಡ್ ಆಗಿ ಬಂದರು. ಅಣ್ಣನನ್ನು "ಭಾಯೀಜಿ", ನನ್ನನ್ನು "ದೀದಿ" ಎಂದು ಕರೆಯುತ್ತ ಮುಂದೆ ನಡೆದರು.

ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನ ಘೋಷಣೆಯಾಗಿದ್ದು 1984ರಲ್ಲಿ, ಅಂತಿಮ ಅಧಿಸೂಚನೆ ಬಂದಿದ್ದು 1999ರಲ್ಲಿ. 754 ಚ.ಕಿ.ಮೀ. ಉದ್ಯಾನಕ್ಕೆ ಸೈಂಜ್ ಮತ್ತು ತೀರ್ಥನ್ ಎಂಬ ಎರಡು ಅಭಯಾರಣ್ಯಗಳು ಸೇರಿ 905 ಚ.ಕಿ.ಮೀ. ಆಗುತ್ತದೆ. 2014ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕೆಳಗಿನ ತುದಿ 2,000 ಮೀ.ಗಿಂತ ತಗ್ಗು, ಮೇಲಿನ ತುದಿ 6,000 ಮೀ.ಗಿಂತ ಎತ್ತರ. ಈ ಎತ್ತರದ ವ್ಯತ್ಯಾಸದಿಂದಲೇ ಒಳಗೆ 25 ಬಗೆಯ ಕಾಡುಗಳಿವೆ. 31 ಜಾತಿಯ ಸಸ್ತನಿಗಳು, 209 ಜಾತಿಯ ಹಕ್ಕಿಗಳು ದಾಖಲಾಗಿವೆ. ಜೀವಾ, ಸೈಂಜ್, ತೀರ್ಥನ್, ಪಾರ್ವತಿ ಈ ನಾಲ್ಕು ನದಿಗಳ ನೀರಿನ ತವರು ಈ ಬೆಟ್ಟಗಳು. ನಾಲ್ಕೂ ಕೊನೆಗೆ ಬಿಯಾಸ್ ಪಾಲು.

ಗುಶೈನಿಯಿಂದ ರೋಲಾ ಎಂಬ ತಂಗುದಾಣಕ್ಕೆ ಸುಮಾರು 10 ಕಿ.ಮೀ. ಮೊದಲು ಹೊಲ, ಮನೆ, ಸೇಬಿನ ತೋಟ. ಆಮೇಲೆ ದಾರಿ ಕಿರಿದಾಗುತ್ತ ಹೋಗುತ್ತದೆ. ಉದ್ಯಾನದ ಗೇಟು ದಾಟಿದ ಮೇಲೆ ಮನುಷ್ಯರ ಸದ್ದೇ ಇಲ್ಲ. ನದಿಯ ಸದ್ದು ಮಾತ್ರ. ದಾರಿಯುದ್ದಕ್ಕೂ ನದಿ ಎಡಕ್ಕೋ ಬಲಕ್ಕೋ ಜೊತೆಗೇ ಇರುತ್ತದೆ. ಮರದ ಸಣ್ಣ ಸೇತುವೆಗಳ ಮೇಲೆ ಝರಿಗಳನ್ನು ದಾಟಬೇಕು.

ನದಿಯ ಅಂಚಿನಲ್ಲಿ ಆಲ್ಡರ್ ಮರಗಳು. ತೇವದ ನೆಲ ಬೇಕು ಅವಕ್ಕೆ. ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದಿಡುವ ಸೂಕ್ಷ್ಮಜೀವಿಗಳಿವೆ, ಹಾಗಾಗಿ ಪ್ರವಾಹ ತಂದು ಹಾಕಿದ ಬರೀ ಕಲ್ಲುಮಣ್ಣಿನ ಮೇಲೂ ಬೆಳೆಯುತ್ತವೆ. ಅವುಗಳ ಹಿಂದೆ ಓಕ್, ಇನ್ನೂ ಮೇಲೆ ದೇವದಾರು, ಫರ್. ಬಿಸಿಲು ಬೀಳುವ ಮಗ್ಗುಲಲ್ಲಿ ಹುಲ್ಲು ಜಾಸ್ತಿ, ನೆರಳಿನ ಮಗ್ಗುಲಲ್ಲಿ ಕಾಡು ಜಾಸ್ತಿ. ಒಂದೇ ಕಣಿವೆ, ಎದುರುಬದುರು ಎರಡು ಹವಾಮಾನ. ಹಿಮಾಲಯದಲ್ಲಿ ಬೆಟ್ಟ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದರ ಮೇಲೆ ಎಲ್ಲ ನಿಂತಿದೆ.

ಹಕ್ಕಿಗಳ ವಿಷಯ ಹೇಳಲೇಬೇಕು. ಕಂದು ಡಿಪ್ಪರ್ ಎಂಬ ಹಕ್ಕಿ ಈ ನದಿಯ ನಿಜವಾದ ವಾಸಿ. ಗುಂಡಗೆ, ಕಾಫಿಪುಡಿ ಬಣ್ಣ, ಮೊಟಕು ಬಾಲ. ಬಂಡೆಯ ಮೇಲೆ ಕೂತು ಮೊಣಕಾಲು ಮಡಚಿ ಏಳುತ್ತಿರುತ್ತದೆ. ಇದ್ದಕ್ಕಿದ್ದಂತೆ ನೊರೆಯೊಳಗೆ ಮುಳುಗುತ್ತದೆ. ತಳದ ಕಲ್ಲು ಹಿಡಿದು, ನೀರೊಳಗೆ ಹುಳ ಹುಡುಕಿ, ಆಚೆ ಕಡೆ ಏಳುತ್ತದೆ. ಈ ಹುಳಗಳು ಸ್ವಚ್ಛವಾದ, ಓಡುವ ನೀರಿನಲ್ಲಿ ಕಲ್ಲಿಗೆ ಅಂಟಿಕೊಂಡು ಬದುಕುವಂಥವು. ನೀರು ನಿಂತರೆ ಹುಳ ಇಲ್ಲ. ಹುಳ ಇಲ್ಲದಿದ್ದರೆ ಡಿಪ್ಪರ್ ಇಲ್ಲ, ಟ್ರೌಟೂ ಇಲ್ಲ. ನೆತ್ತಿ ಬಿಳಿಯ ರೆಡ್‌ಸ್ಟಾರ್ಟ್, ಕಪ್ಪು ಬಿಳುಪು ಬಾಲದ ಫೋರ್ಕ್‌ಟೇಲ್ ಕೂಡ ಕಂಡವು. ಇಲ್ಲಿಯ ಹೆಸರಾಂತ ಹಕ್ಕಿ ಜುಜುರಾಣಾ, ಅಂದರೆ ವೆಸ್ಟರ್ನ್ ಟ್ರಾಗೋಪಾನ್, ನಮಗೆ ಕಾಣಲಿಲ್ಲ. ಅದು ಹಿಮಾಚಲದ ರಾಜ್ಯಪಕ್ಷಿ. ದಟ್ಟ ಕಾಡಿನಲ್ಲಿ ಅಡಗಿ ಬದುಕುವ ಅದನ್ನು ನೋಡಿದವರೇ ಕಡಿಮೆ.

ರೋಲಾದಲ್ಲಿ ಟೆಂಟು ಹಾಕಿದೆವು. ಗೈಡ್ ಒಲೆ ಹಚ್ಚಿ ಚಹಾ ಮಾಡಿದರು. 1999ಕ್ಕಿಂತ ಮೊದಲು ತಮ್ಮ ಮನೆಯವರು ಕುರಿಗಳನ್ನು ಹೊಡೆದುಕೊಂಡು ಮೇಲಿನ ಥಾಚ್‌ಗಳಿಗೆ ಹೋಗುತ್ತಿದ್ದರು ಎಂದರು. ಥಾಚ್ ಅಂದರೆ ಮರಗಳ ಸಾಲು ಮುಗಿದ ಮೇಲಿನ ಹುಲ್ಲುಗಾವಲು. ಬೇಸಿಗೆಯಲ್ಲಿ ಕುರಿ, ಗಿಡಮೂಲಿಕೆ, ಗುಚ್ಛಿ ಅಣಬೆ. ಉದ್ಯಾನದ ಅಂತಿಮ ಅಧಿಸೂಚನೆ ಬಂದಾಗ ಆ ಹಕ್ಕುಗಳೆಲ್ಲ ನಿಂತವು. "ಕಾಡು ಉಳೀತು ಭಾಯೀಜಿ, ಅದು ಒಳ್ಳೇದೇ. ಆದರೆ ಅಪ್ಪ ಕೊನೇವರೆಗೂ ಆ ಥಾಚ್ ನೆನೆಸ್ಕೊಳ್ತಾ ಇದ್ರು" ಎಂದರು. ಇದನ್ನು ನಾನು ಬಿಟ್ಟು ಬರೆಯಲಾರೆ. ಈ ಕಣಿವೆಯ ಸೊಬಗಿಗೆ ಬೆಲೆ ತೆತ್ತವರು ಇಲ್ಲಿಯ ಬಡ ಕುಟುಂಬಗಳು. ಹೊರಗಿನಿಂದ ಬರುವ ನಾವು ಕೊಡುವ ಗೈಡ್ ಕೂಲಿ, ಹೋಂಸ್ಟೇ ಬಾಡಿಗೆ ಅವರ ಕೈಗೇ ಹೋಗಬೇಕು. ಊರವರ ಮನೆಯಲ್ಲೇ ಉಳಿಯಿರಿ, ಊರವರನ್ನೇ ಕರೆದುಕೊಂಡು ಹೋಗಿ.

ನದಿಯ ಮೂಲ ಇನ್ನೂ ಬಹಳ ಮೇಲೆ, ಹಂಸಕುಂಡದ ಕಡೆ. ತೀರ್ಥ ಎಂದೇ ಊರವರು ಕರೆಯುತ್ತಾರೆ. ಅಲ್ಲಿಗೆ ಹೋಗಲು ಹಲವು ದಿನಗಳ ಚಾರಣ, ಗಟ್ಟಿ ತಯಾರಿ ಬೇಕು. ಚಳಿ ಹತ್ತಿರವಾಗಿತ್ತು. ನಮ್ಮ ದಾರಿ ರೋಲಾದವರೆಗೆ.

ನಾಲ್ಕನೇ ದಿನ

ಬೆಳಗ್ಗೆ ಹನಿ ಮಳೆ. ಅದೇ ದಾರಿಯಲ್ಲಿ ಗುಶೈನಿಗೆ ಇಳಿದೆವು. ಬಟ್ಟೆ ಒಣಗಿಸಿದೆವು, ಮಲಗಿದೆವು.

ಐದನೇ ದಿನ: ಜಲೋರಿ ಮತ್ತು ಸೆರೋಲ್ಸರ್

ನದಿಯನ್ನು ಅರ್ಥ ಮಾಡಿಕೊಳ್ಳಲು ಅದರ ನೀರು ಎಲ್ಲಿಂದ ಶುರುವಾಗುತ್ತದೆ ಎಂಬ ಗೆರೆಯ ಮೇಲೆ ನಿಲ್ಲಬೇಕು. ತೀರ್ಥನ್ ಜಲಾನಯನದ ದಕ್ಷಿಣದ ಗೆರೆ ಜಲೋರಿ ಏಣು. ಅಲ್ಲಿಯ ಕಣಿವೆದಾರಿಯ ಎತ್ತರ 3,120 ಮೀ. ಬಂಜಾರ್‌ನಿಂದ ಜಿಭಿ, ಘಿಯಾಗಿ, ಶೋಜಾ ದಾಟಿ ಹೋಗಬೇಕು. ಶೋಜಾದಿಂದ ಮೇಲಿನ ಏರು ತುಂಬಾ ಕಡಿದು. ಜೀಪು ಮೊದಲ ಗೇರಿನಲ್ಲೇ ಹತ್ತಿತು. ಡಿಸೆಂಬರ್ ನಡುವಿನಿಂದ ಮಾರ್ಚ್‌ವರೆಗೆ ಹಿಮ ಬಿದ್ದು ಈ ರಸ್ತೆ ಸಾಮಾನ್ಯವಾಗಿ ಮುಚ್ಚಿರುತ್ತದೆ.

ಜಿಭಿ ಬಗ್ಗೆ ಒಂದು ಮಾತು. ಝರಿಯ ಎರಡೂ ಕಡೆ ಈಗ ಮರದ ಕಾಟೇಜುಗಳು ತುಂಬಿವೆ. ಕೆಲವಂತೂ ನೀರಿನ ಅಂಚಿಗೇ ಕಾಲಿಟ್ಟು ನಿಂತಿವೆ. ಅಣೆಕಟ್ಟನ್ನು ತಡೆದ ಕಣಿವೆ ಇದು, ಹೋಟೆಲುಗಳಿಗೆ ತನ್ನ ಪ್ರವಾಹದ ಜಾಗ ಬಿಟ್ಟುಕೊಡುತ್ತಿರುವುದು ನೋಡಿ ಬೇಸರವಾಯಿತು. ಹಿಮಾಲಯದ ಹೊಳೆಗೆ ಬೇಸಿಗೆಯಲ್ಲಿ ಒಂದು ಅಗಲ, ಮೋಡ ಒಡೆದ ದಿನ ಇನ್ನೊಂದು ಅಗಲ. ಆ ಎರಡನೇ ಅಗಲವೂ ಹೊಳೆಯದೇ ಜಾಗ.

ಕಣಿವೆದಾರಿಯ ಮೇಲೆ ನಿಂತಾಗ ಗಾಳಿ ಜೋರಾಗಿತ್ತು. ಉತ್ತರಕ್ಕೆ ಹಿಮದ ಸಾಲು. ನಮ್ಮ ಬಲಗಾಲಿನ ಕಡೆ ಬಿದ್ದ ಹನಿ ಜಿಭಿಯ ಝರಿಗೆ, ತೀರ್ಥನ್‌ಗೆ, ಬಿಯಾಸ್‌ಗೆ. ಎಡಗಾಲಿನ ಕಡೆ ಬಿದ್ದ ಹನಿ ಆನಿ ಕಡೆ ಇಳಿದು ಸಟ್ಲಜ್‌ಗೆ. ನಡುವೆ ಒಂದು ಚಹಾ ಅಂಗಡಿ, ಒಂದು ದೇವಸ್ಥಾನ.

ಸೆರೋಲ್ಸರ್ ಕೆರೆಗೆ ಅಲ್ಲಿಂದ 5 ಕಿ.ಮೀ. ಕಾಡುದಾರಿ. ಹೆಚ್ಚಿನ ಏರಿಳಿತವಿಲ್ಲ. ಖರ್ಸು ಎಂಬ ಎತ್ತರದ ಓಕ್ ಕಾಡು ಅದು. ಬೊಡ್ಡೆಗಳ ತುಂಬ ಪಾಚಿ. ಓಕ್ ಕಾಡಿನ ನೆಲ ಮೆತ್ತಗಿರುತ್ತದೆ. ಕೊಳೆತ ಎಲೆ ಮಳೆನೀರನ್ನೂ ಹಿಮದ ನೀರನ್ನೂ ಹಿಡಿದಿಟ್ಟು, ತಿಂಗಳುಗಟ್ಟಲೆ ನಿಧಾನವಾಗಿ ಬಿಡುತ್ತದೆ. ಕೆಳಗಿನ ಝರಿಗಳು ಮಳೆಗಾಲ ಮುಗಿದ ಮೇಲೂ ಹರಿಯಲು ಇಂಥ ಕಾಡು ಕಾರಣ. ಹಿಮನದಿಯ ಹೆಸರು ಎಲ್ಲರಿಗೂ ಗೊತ್ತು, ಓಕ್ ಕಾಡಿನ ಈ ಕೆಲಸ ಗೊತ್ತಿರುವವರು ಕಡಿಮೆ.

ಕೆರೆ ಚಿಕ್ಕದು, ಗುಂಡಗಿದೆ. ದಂಡೆಯಲ್ಲಿ ಬೂಢಿ ನಾಗಿನ್ ದೇವಿಯ ಗುಡಿ. ದನ ಕರು ಹಾಕಿದ ಮೇಲೆ ಹೊಸ ತುಪ್ಪವನ್ನು ಊರವರು ಇಲ್ಲಿಗೆ ತಂದು ಅರ್ಪಿಸುತ್ತಾರೆ. ಸುತ್ತಲೂ ಅಷ್ಟು ಮರಗಳಿದ್ದರೂ ನೀರಿನ ಮೇಲೆ ಎಲೆ ಕಾಣುವುದಿಲ್ಲ. ಆಭಿ ಎಂಬ ಪುಟ್ಟ ಹಕ್ಕಿ ಬಿದ್ದ ಎಲೆಗಳನ್ನೆಲ್ಲ ಎತ್ತಿ ಹೊರಗೆ ಹಾಕುತ್ತದೆ ಎಂಬ ನಂಬಿಕೆ. ಕೆರೆಯನ್ನು ಯಾರೂ ಹೊಲಸು ಮಾಡುವುದಿಲ್ಲ. ಚಪ್ಪಲಿ ಬಿಟ್ಟು ಪ್ರದಕ್ಷಿಣೆ ಬಂದೆವು.

ಆರನೇ ದಿನ: ಚೆಹ್ನಿ ಕೋಠಿ

ಬಂಜಾರ್ ಮೇಲಿನ ಬೆಟ್ಟದಲ್ಲಿ ಶೃಂಗ ಋಷಿಯ ದೇವಸ್ಥಾನ ಇದೆ. ಬಂಜಾರ್ ಕಣಿವೆಯ ಮುಖ್ಯ ದೇವರು ಇವರೇ. ಕುಲ್ಲು ದಸರಾಕ್ಕೆ ಪಲ್ಲಕ್ಕಿ ಏರಿ ಹೋಗಿ ಬರುತ್ತಾರೆ. ಹೆಸರು ಕೇಳಿದ ಕೂಡಲೇ ಅಣ್ಣ ನನ್ನ ಕಡೆ ತಿರುಗಿದ. "ನಮ್ಮ ಕಿಗ್ಗದ ಋಷ್ಯಶೃಂಗನೇ ಅಲ್ವೇನೇ ಇದು?" ಹೌದು, ಅವರೇ. ದಶರಥನಿಗೆ ಪುತ್ರಕಾಮೇಷ್ಟಿ ಮಾಡಿಸಿದ ಋಷಿ. ಶೃಂಗೇರಿಗೆ ಆ ಹೆಸರು ಬಂದಿದ್ದೂ ಅವರಿಂದ ಎನ್ನುತ್ತಾರೆ. ಪಕ್ಕದ ಕಿಗ್ಗದಲ್ಲಿ ಋಷ್ಯಶೃಂಗೇಶ್ವರನಿಗೆ ಮಳೆಗಾಗಿ ಈಗಲೂ ಪೂಜೆ ಮಾಡಿಸುತ್ತಾರೆ. ತುಂಗೆಯ ನಾಡಿನವರ ಮಳೆ ದೇವರನ್ನು ತೀರ್ಥನ್ ನಾಡಿನಲ್ಲಿ ಪಲ್ಲಕ್ಕಿಯಲ್ಲಿ ಕಂಡಾಗ ಬಹಳ ಖುಷಿಯಾಯಿತು. ಪೂಜಾರಿಗೆ ಕಿಗ್ಗದ ವಿಷಯ ಹೇಳಿದೆವು. ಅವರು ಎರಡೆರಡು ಸಲ ಊರಿನ ಹೆಸರು ಕೇಳಿ ಬಾಯಿಪಾಠ ಮಾಡಿಕೊಂಡರು.

ಅಲ್ಲಿಂದ ಇನ್ನೂ ಮೇಲೆ ಕಾಲುದಾರಿಯಲ್ಲಿ ಹೋದರೆ ಚೆಹ್ನಿ ಹಳ್ಳಿ. ಊರ ನಡುವೆ 40 ಮೀ.ಗಿಂತ ಎತ್ತರದ ಗೋಪುರ. ಒಂದು ಸಾಲು ಕಲ್ಲು, ಒಂದು ಸಾಲು ದೇವದಾರು ತೊಲೆ, ಮತ್ತೆ ಕಲ್ಲು. ಗಾರೆ ಇಲ್ಲ. ಕಾಠ್ ಕುಣಿ ಎನ್ನುವ ಕಟ್ಟುವಿಕೆ. ಮೂಲೆಗಳಲ್ಲಿ ತೊಲೆಗಳು ಒಂದರ ಮೇಲೊಂದು ಅಡ್ಡ ಕೂತು ಹಿಡಿದುಕೊಳ್ಳುತ್ತವೆ. ಭೂಮಿ ನಡುಗಿದಾಗ ಕಲ್ಲುಗಳು ಸ್ವಲ್ಪ ಜಾರಬಹುದು, ತೊಲೆ ಸ್ವಲ್ಪ ಬಾಗಬಹುದು, ಹಾಗಾಗಿ ಗೋಡೆ ಒಡೆಯುವುದಿಲ್ಲ. 1905ರ ಕಾಂಗ್ರಾ ಭೂಕಂಪದಲ್ಲಿ ಮೇಲಿನ ಕೆಲವು ಮಹಡಿಗಳು ಹೋದವು, ಉಳಿದದ್ದು ನಿಂತಿತು ಎಂದು ಊರವರು ಹೇಳುತ್ತಾರೆ. ಬಾಗಿಲು ನೆಲದಿಂದ ಬಹಳ ಎತ್ತರದಲ್ಲಿದೆ. ಒಂದೇ ಮರದ ಕಾಂಡವನ್ನು ಕಡಿದು ಮೆಟ್ಟಿಲು ಮಾಡಿ ಒರಗಿಸಿದ್ದಾರೆ. ಒಳಗೆ ದೇವಿಯ ಸ್ಥಾನ, ನಾವು ಹತ್ತುವಂತಿಲ್ಲ. ಕೆಳಗೆ ನಿಂತು ನೋಡಿದರೂ ಸಾಕು. ಬಂಡೆಯ ಚೂರು, ಕಾಡಿನ ಮರ, ಎರಡನ್ನೂ ಈ ಕಣಿವೆಯೇ ಕೊಟ್ಟಿದ್ದು.

ಏಳನೇ ದಿನ: ಸೈಂಜ್

ಪಕ್ಕದ ಕಣಿವೆ ನೋಡದೆ ಹೋದರೆ ಬಂದದ್ದು ಪೂರ್ತಿಯಾಗುವುದಿಲ್ಲ. ಲಾರ್ಜಿಗೆ ಇಳಿದು ಸೈಂಜ್ ಬಸ್ಸು ಹತ್ತಿದೆವು.

ಇದೂ ಅದೇ ಉದ್ಯಾನದ ನೀರು. ಅದೇ ಬಂಡೆ, ಅದೇ ಎತ್ತರ, ಅದೇ ಮಳೆ. ಆದರೆ ಇಲ್ಲಿ ಪಾರ್ವತಿ ಜಲವಿದ್ಯುತ್ ಯೋಜನೆಯ 520 ಮೆಗಾವಾಟಿನ ಮೂರನೇ ಹಂತ ಇದೆ. 800 ಮೆಗಾವಾಟಿನ ಎರಡನೇ ಹಂತ ಇದೆ. ಅದಕ್ಕೆ ಪಾರ್ವತಿ ನದಿಯ ನೀರನ್ನು ಉದ್ದದ ಸುರಂಗದಲ್ಲಿ ಈ ಕಣಿವೆಗೆ ತರುತ್ತಾರೆ. 100 ಮೆಗಾವಾಟಿನ ಸೈಂಜ್ ಯೋಜನೆ ಬೇರೆ. ಪಾರ್ವತಿ ಯೋಜನೆಗೆಂದು ಉದ್ಯಾನದ ಒಂದು ಭಾಗವನ್ನೇ 1999ರಲ್ಲಿ ಕೈಬಿಟ್ಟರು. ರಸ್ತೆಯ ಬದಿಯಲ್ಲಿ ಸುರಂಗದ ಬಾಯಿಗಳು, ತೋಡಿದ ಮಣ್ಣಿನ ಗುಡ್ಡೆಗಳು, ಕಬ್ಬಿಣದ ಗೇಟುಗಳು. ಕೆಲವು ಕಡೆ ನದಿಯ ಪಾತ್ರದಲ್ಲಿ ಬಿಳಿ ಕಲ್ಲುಗಳೇ ಜಾಸ್ತಿ, ನೀರು ಕಡಿಮೆ. ಡಿಪ್ಪರ್ ಹುಡುಕಿದೆ. ನಾವು ನಿಂತ ಕಡೆ ಕಾಣಲಿಲ್ಲ.

ಸೈಂಜ್ ಪೇಟೆಯಲ್ಲಿ 2023ರ ಜುಲೈ ಪ್ರವಾಹದ ಗುರುತು ಇನ್ನೂ ಇದೆ. ಆ ಸಲ ನದಿ ಅಂಗಡಿ ಮನೆಗಳನ್ನು ಸಾಲಾಗಿ ಒಯ್ದಿತು. ಔಟ್‌ನ ಹಳೆಯ ಸೇತುವೆ ಹೋಯಿತು, ಲಾರ್ಜಿಯ ವಿದ್ಯುದಾಗಾರಕ್ಕೂ ನೀರು ನುಗ್ಗಿತು. ಪ್ರವಾಹ ತೀರ್ಥನ್‌ಗೂ ಬರುತ್ತದೆ, ಅದನ್ನು ಯಾರೂ ತಡೆಯಲಾರರು. ಆದರೆ ಪಾತ್ರದ ಅಂಚಿಗೆ ಸುರಿದ ಮಣ್ಣು, ಕಲ್ಲು ಇದ್ದರೆ ಪ್ರವಾಹ ಅದನ್ನೂ ಹೊತ್ತು ಬರುತ್ತದೆ. ಬರೀ ನೀರಿಗಿಂತ ಕಲ್ಲುಮಣ್ಣು ಬೆರೆತ ನೀರು ಮಾಡುವ ಹಾನಿ ಬಹಳ ದೊಡ್ಡದು.

ವಿದ್ಯುತ್ ಬೇಡ ಎಂದು ನಾನು ಹೇಳುತ್ತಿಲ್ಲ. ನಮ್ಮ ಮನೆಯ ದೀಪ ಶರಾವತಿಯದ್ದೇ. ಆದರೆ ಒಂದು ಪ್ರದೇಶದಲ್ಲಿ ನಾಲ್ಕು ಹೊಳೆ ಇದ್ದರೆ ನಾಲ್ಕನ್ನೂ ಕಟ್ಟಬೇಕೇ? ಒಂದನ್ನಾದರೂ ಹಾಗೇ ಬಿಟ್ಟರೆ, ಕಟ್ಟಿದ್ದರಿಂದ ಏನಾಯಿತು ಎಂದು ಹೋಲಿಸಿ ನೋಡಲಾದರೂ ಒಂದು ಹೊಳೆ ಇರುತ್ತದೆ. ಅಘನಾಶಿನಿಯ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಅದೇ ಹೊಳೆಯ ನೀರನ್ನು ವೇದಾವತಿಗೆ ತಿರುಗಿಸುವ ಪ್ರಸ್ತಾಪವೂ ನಮ್ಮ ಕಣ್ಣೆದುರಿಗಿದೆ. ಬಸ್ಸಿನಲ್ಲಿ ವಾಪಸ್ ಬರುವಾಗ ಅಣ್ಣ ಇದನ್ನೇ ಮಾತಾಡಿದ. "ಸಿಹಿನೀರು ಕಮ್ಮಿ ಆದ್ರೆ ಬಳಚು ಎಲ್ಲಿ ಉಳೀತದೆ? ಕಗ್ಗ ಭತ್ತಕ್ಕೂ ಮಳೆಗಾಲದಲ್ಲಿ ಸಿಹಿನೀರು ಬೇಕೇ ಬೇಕು. ಇಲ್ಲಿಯವರು ಟ್ರೌಟ್ ಮುಂದಿಟ್ಕೊಂಡು ವಾದ ಮಾಡಿದ್ರಲ್ಲ, ನಾವು ಬಳಚು ಮುಂದಿಟ್ಕೊಂಡು ಮಾಡ್ಬೇಕು."

ಕೊನೆಯ ದಿನ: ಪಂಡೋಹ್, ಸುಂದರನಗರ

ಮಂಡಿ ದಾರಿಯಲ್ಲಿ ಪಂಡೋಹ್ ಅಣೆಕಟ್ಟು ಸಿಗುತ್ತದೆ. ಬಿಯಾಸ್ ಹೊತ್ತು ತಂದ ನೀರಿನ ದೊಡ್ಡ ಪಾಲನ್ನು 1977ರಿಂದ ಇಲ್ಲಿ ತಿರುಗಿಸುತ್ತಾರೆ. 13.1 ಕಿ.ಮೀ. ಸುರಂಗದಲ್ಲಿ ಬಗ್ಗಿಯವರೆಗೆ, ಅಲ್ಲಿಂದ 11.8 ಕಿ.ಮೀ. ತೆರೆದ ಕಾಲುವೆಯಲ್ಲಿ ಸುಂದರನಗರದವರೆಗೆ, ಮತ್ತೆ 12 ಕಿ.ಮೀ.ಗಿಂತ ಉದ್ದದ ಇನ್ನೊಂದು ಸುರಂಗ. ಕೊನೆಗೆ 990 ಮೆಗಾವಾಟಿನ ದೇಹರ್ ವಿದ್ಯುದಾಗಾರದಲ್ಲಿ ಬಿದ್ದು ಸಟ್ಲಜ್ ಸೇರುತ್ತದೆ. ಮುಂದೆ ಭಾಕ್ರಾ.

ಸುಂದರನಗರದಲ್ಲಿ ಇಳಿದು ಕಾಲುವೆ ಬಂದು ತುಂಬುವ ಜಲಾಶಯದ ದಂಡೆಗೆ ಹೋದೆವು. ಜಲೋರಿಯ ಮೇಲೆ ನಾವು ನೋಡಿದ ಎರಡು ಇಳಿಜಾರು ನೆನಪಾಯಿತು. ಪ್ರಕೃತಿಯ ಲೆಕ್ಕದಲ್ಲಿ ಉತ್ತರದ ಹನಿ ಬಿಯಾಸ್ ಜೊತೆ ಪಂಜಾಬಿನ ಹರೀಕೆವರೆಗೆ ಹೋಗಿ ಅಲ್ಲಿ ಸಟ್ಲಜ್ ಸೇರಬೇಕಿತ್ತು. ಈಗ ಆ ಹನಿಗಳಲ್ಲಿ ಬಹಳಷ್ಟು ಬೆಟ್ಟದ ಹೊಟ್ಟೆಯಲ್ಲೇ ಹಾದು, ದಕ್ಷಿಣದ ಹನಿಯನ್ನು ದೇಹರ್ ಹತ್ತಿರವೇ ಕೂಡುತ್ತವೆ. ಅಂದರೆ ತೀರ್ಥನ್ ನೀರೂ ಕೊನೆಗೆ ಟರ್ಬೈನ್ ತಿರುಗಿಸುತ್ತದೆ, ಪಂಜಾಬ್, ಹರಿಯಾಣ, ರಾಜಸ್ಥಾನದ ಹೊಲಗಳಿಗೆ ಹೋಗುತ್ತದೆ. ತನ್ನ ಕಣಿವೆ ದಾಟುವವರೆಗೆ ಮಾತ್ರ ಅದು ತಡೆಯಿಲ್ಲದೆ ಹರಿದಿರುತ್ತದೆ. ಅಣೆಕಟ್ಟು ಬೇಡ ಎಂದ ಊರವರು ದೇಶಕ್ಕೆ ನೀರು ಕೊಡುವುದಿಲ್ಲ ಎಂದೇನೂ ಹೇಳಿರಲಿಲ್ಲ. ಸಂಜೆ ಆರರ ಹೊತ್ತಿಗೆ ಚಂಡೀಗಢದ ಬಸ್ಸು ಬಂತು.